ದೆವ್ವದ ಹಲ್ಲು

ಆ ಸ್ಟೂಲಿಗೆ ಒಂದು ಕಾಲು ಗಿಡ್ಡ. ಎಡಕ್ಕೆ ವಾಲಿದರೆ ಟಕ್, ಬಲಕ್ಕೆ ವಾಲಿದರೆ ಟಕ್. ಅಲ್ಲಾಡದೆ ಕೂತರೆ ಸದ್ದಿಲ್ಲ, ನಿಜ. ಆದರೆ ನಲವತ್ತು ಜೊತೆ ಕಣ್ಣು ತನ್ನ ಮೇಲೇ ನೆಟ್ಟಿರುವಾಗ ಅಲ್ಲಾಡದೆ ಕೂರುವುದಕ್ಕೆ ಅವನೇನು ಕಲ್ಲಿನ ಗೊಂಬೆಯೇ? ಹಲ್ಲಿನ ಸೆಟ್ಟು ಮಾಡುವುದು ಅವನ ಕಸುಬು. ದಿನಕ್ಕೆ ಎಂಟು ಗಂಟೆ ಇಂಥದೇ ಬೆನ್ನಿಲ್ಲದ ಸ್ಟೂಲಿನ ಮೇಲೆ ಕೂತು ಊರಿನ ಅರ್ಧ ಮುದುಕರ ಬಾಯಿಗೆ ನಗು ಹೊಂದಿಸಿ ಕೊಟ್ಟವನು. ಅಲ್ಲಿ ಅವನೆದುರು ಇರುವುದು ಬಾಯಿಲ್ಲದ ಹಲ್ಲುಗಳು, ಒಂದೂ ಮಾತಾಡುವುದಿಲ್ಲ. ಇಲ್ಲಿ ಎಲ್ಲರಿಗೂ ಬಾಯಿ ಇದೆ, ಅವನ ಬಾಯಿಗೆ ಮಾತ್ರ ಬೀಗ. ವಾಚನಾಲಯದ ಮಹಡಿಯ ಹಾಲಿನಲ್ಲಿ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಸೇರುವ ಈ ಹವ್ಯಾಸಿ ಚಿತ್ರಕೂಟದ ಕಟ್ಟಳೆಯೇ ಹಾಗೆ. ಸದಸ್ಯನೊಬ್ಬ ಮಾಡಿದ ಕಿರುಚಿತ್ರ ಮುಗಿದು ದೀಪ ಹತ್ತಿದ ಮೇಲೆ ನೋಡಿದವರೆಲ್ಲ ತಮ್ಮ ಅನಿಸಿಕೆಯನ್ನು ಹೆಸರು ಹಾಕದೆ ಚೀಟಿಯಲ್ಲಿ ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ಅಧ್ಯಕ್ಷರಾದ ಲೆಕ್ಕದ ಮೇಷ್ಟ್ರು ಒಂದೊಂದನ್ನೇ ತೆಗೆದು ಗಟ್ಟಿಯಾಗಿ ಓದಬೇಕು. ಕೊನೆಯ ಚೀಟಿಯವರೆಗೆ ಚಿತ್ರ ಮಾಡಿದವನು ಜನರಿಗೆ ಮುಖ ಕೊಟ್ಟು ಸ್ಟೂಲಿನ ಮೇಲೆ ಕೂತಿರಬೇಕು, ತುಟಿ ಪಿಟಕ್ಕೆನ್ನಬಾರದು. ಅಂದನೋ, ಅಲ್ಲಿಗೆ ಡಬ್ಬಿಯ ಮುಚ್ಚಳ ಬಿತ್ತು, ಉಳಿದ ಚೀಟಿಗಳು ಕಸದ ಬುಟ್ಟಿಗೆ. 'ಹೇಳೋದಿದ್ರೆ ಚಿತ್ರದಲ್ಲೇ ಹೇಳಿ ಮುಗಿಸ್ಬೇಕಪ್ಪ, ಆಮೇಲೆ ವಕಾಲತ್ತು ಮಾಡೋ ಹಾಗಿಲ್ಲ' ಎನ್ನುವುದು ಮೇಷ್ಟ್ರ ಮಾತು. ಹೋದ ತಿಂಗಳು ತನ್ನ ಬೆಕ್ಕಿನ ಮೇಲೆ ಚಿತ್ರ ಮಾಡಿದ್ದ ಔಷಧಿ ಅಂಗಡಿಯವನು ಐದನೇ ಚೀಟಿಗೆ 'ಅಲ್ಲ ಸಾರ್, ಅದು...' ಎಂದು ಬಾಯಿಬಿಟ್ಟು, ಆಮೇಲೆ ಕಸದ ಬುಟ್ಟಿಯ ಸುತ್ತ ಸುಳಿದಾಡುತ್ತಿದ್ದುದನ್ನು ನೋಡಿ ಇವನು ನಕ್ಕಿದ್ದ. ಈಗ ನಗುವ ಸರದಿ ಆ ಔಷಧಿ ಅಂಗಡಿಯವನದು.

ಡಬ್ಬಿಯಲ್ಲಿ ಮೂವತ್ತೊಂದು ಚೀಟಿ. ಮೇಷ್ಟ್ರು ಎಣಿಸಿ ಹೇಳಿದ್ದರು; ಎಣಿಸದಿದ್ದರೆ ಅವರಿಗೆ ತಿಂದದ್ದು ಅರಗುವುದಿಲ್ಲ. ಅದರಲ್ಲಿ ಮೂವತ್ತು ಚೀಟಿಯ ಚಿಂತೆ ಅವನಿಗಿರಲಿಲ್ಲ, ಇದ್ದದ್ದು ಒಂದರ ಚಿಂತೆ. ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ, ಬೀಗದ ಕೈಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಅತ್ತಿಗೆ ಕೂತಿದ್ದಳು. ಶಾಲೆಯ ವ್ಯಾನು ಓಡಿಸುವ ಅತ್ತಿಗೆ ಭಾನುವಾರ ಅಂದರೆ ಒಂಬತ್ತರವರೆಗೆ ಮಲಗುವವಳು, ಸಿನಿಮಾಗಿನಿಮಾ ಅಂದರೆ ಆಕಳಿಸುವವಳು. ಅವಳಿಗೆ ಅವನು ಹೇಳಿರಲಿಲ್ಲ. ಅಮ್ಮನಿಗೂ ಹೇಳಿರಲಿಲ್ಲ. ಆದರೆ ದೆವ್ವದ ಪಾತ್ರ ಮಾಡಿದ ಪಾರ್ಸೆಲ್ ಇದ್ದಾನಲ್ಲ, ಮನೆಮನೆಗೆ ಕೊರಿಯರ್ ಹಂಚುವ ಅವನ ಗೆಳೆಯ, ಅವನ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ. ಗುರುವಾರ ಲಕೋಟೆ ಕೊಡಲು ಬಂದವನು 'ಅಕ್ಕಾ, ಭಾನುವಾರ ನಾನು ದೆವ್ವ, ಮರೀದೆ ಬನ್ನಿ' ಎಂದು ಒದರಿ, ಸಹಿ ಹಾಕಿಸಿಕೊಂಡು ಹೋಗಿದ್ದ. ಅತ್ತಿಗೆ ಮನೆಯಲ್ಲಿ ಆ ಸುದ್ದಿಯನ್ನೇ ಎತ್ತಲಿಲ್ಲ. ಇವತ್ತು ದೀಪ ಆರಿಸುವ ಹೊತ್ತಿಗೆ ಸರಿಯಾಗಿ ಬಂದು ಕೂತಳು, ಅಷ್ಟೇ. ಚಿತ್ರದ ಹೆಸರು 'ರಜೆ', ಹದಿಮೂರು ನಿಮಿಷ. ಸತ್ತ ಸೈನಿಕನೊಬ್ಬ ರಜೆಗೆಂದು ಮನೆಗೆ ಬರುತ್ತಾನೆ, ಬೂಟು ಹೊರಗೆ ಬಿಡುತ್ತಾನೆ, ಊಟದ ಮೇಜಿನಲ್ಲಿ ಹೆಂಡತಿಯೆದುರು ಕೂರುತ್ತಾನೆ, ಅವಳಿಗೆ ಕಾಣಿಸುವುದಿಲ್ಲ, ಒಂದೇ ಒಂದು ಮಾತಾಡುತ್ತಾನೆ, ನಗುತ್ತಾನೆ, ಎದ್ದು ಹೋಗುತ್ತಾನೆ. ಅವನಾಡುವ ಮಾತು ಇಷ್ಟು: 'ಬಸ್ಸು ಬೇಗ ಹೊರಟಿತು.'

ಆ ಮಾತು ಸೈನಿಕನದಲ್ಲ. ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಅತ್ತಿಗೆಯ ಮುಖ ನೋಡಲಾರದೆ, ಬಾಗಿಲ ಚಿಲಕ ನೋಡುತ್ತ ಅವನು ಹೇಳಿದ ಸುಳ್ಳು ಅದು. ಸೇನೆಯಲ್ಲಿದ್ದ ಅಣ್ಣ ರಜೆ ಮುಗಿಸಿ ಹೊರಟಿದ್ದ ದಿನ. ಬಸ್ಸು ಹನ್ನೊಂದೂ ಹತ್ತಕ್ಕೆ. ಒಂಬತ್ತೂಕಾಲಿಗೇ ಅಣ್ಣ ಚೀಲ ಹೆಗಲಿಗೇರಿಸಿ, ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ, ಅವನು ಕೆಲಸ ಕಲಿಯುತ್ತಿದ್ದ ಹಲ್ಲಿನ ಲ್ಯಾಬಿಗೆ ಬಂದ, ಬರ್ತೀನೋ ಎಂದು ಹೇಳಿ ಹೋಗಲು. ಮರುವಾರ ಅವನಿಗೆ ಪರೀಕ್ಷೆ. ಒಂದೂ ಗಾಳಿಗುಳ್ಳೆಯಿಲ್ಲದ, ಪೂರ್ತಿ ಬಾಯಿಯ ಅಚ್ಚೊಂದನ್ನು ಒಪ್ಪಿಸಬೇಕಿತ್ತು, ಯಾವ ಗೆಳೆಯನೂ ಬಾಯಿ ಕೊಡಲು ತಯಾರಿರಲಿಲ್ಲ. ಅಚ್ಚಿಗೆಂದು ಬಾಯಿಗೆ ತುಂಬುವ ಆ ಗುಲಾಬಿ ಬಣ್ಣದ ಹಿಟ್ಟು ಗಂಟಲ ಕಡೆ ಜಾರಿದರೆ ಎಂಥವನಿಗೂ ಓಕರಿಕೆ ಬರುತ್ತದೆ. 'ಕೂತ್ಕೋ ಅಣ್ಣ, ಹತ್ತೇ ನಿಮಿಷ' ಎಂದ. ಹತ್ತು ನಿಮಿಷ ಒಂದೂಮುಕ್ಕಾಲು ಗಂಟೆಯಾಯಿತು. ಅಚ್ಚು ತೆಗೆದೊಡನೆ ಪ್ಲಾಸ್ಟರ್ ಸುರಿಯಬೇಕು, ತಡಮಾಡಿದರೆ ಹಿಟ್ಟು ಒಣಗಿ ಕುಗ್ಗುತ್ತದೆ, ಹಾಗಾಗಿ ಬಸ್ ನಿಲ್ದಾಣದವರೆಗೂ ಅವನು ಹೋಗಲಿಲ್ಲ. ಅಣ್ಣ ಮೂತಿ ಒರೆಸಿಕೊಂಡು ಓಡಿದ, ಇವನು ಬಟ್ಟಲಲ್ಲಿ ಪ್ಲಾಸ್ಟರ್ ಕಲೆಸುತ್ತ, ತಲೆ ಎತ್ತದೆ, ಹೂಂ ಎಂದ. ಮಧ್ಯಾಹ್ನ ಮನೆಗೆ ಹೋದರೆ ಮೇಜಿನ ಮೇಲೆ ಮುಚ್ಚಿಟ್ಟ ತಟ್ಟೆ, ಅದರೆದುರು ಅತ್ತಿಗೆ. 'ಬರಲಿಲ್ಲವಲ್ಲ' ಎಂದಳು. ಆಗ ಅವನ ಬಾಯಿಂದ ಆ ಮಾತು ತಾನಾಗಿ ಉದುರಿತು. ಹದಿನೇಳು ದಿನಕ್ಕೆ ಸುದ್ದಿ ಬಂತು: ಗುಡ್ಡದ ರಸ್ತೆಯಲ್ಲಿ ಲಾರಿ ಉರುಳಿ ಮೂವರು ಹೋದರು, ಅವರಲ್ಲಿ ಅಣ್ಣನೂ ಒಬ್ಬ. ಯುದ್ಧವಲ್ಲ, ಗುಂಡಲ್ಲ, ಲಾರಿ. ಗಂಡಹೆಂಡಿರ ಕೊನೆಯ ಒಂದೂಮುಕ್ಕಾಲು ಗಂಟೆಯನ್ನು ತನ್ನ ಪರೀಕ್ಷೆಗೋಸ್ಕರ ಕದ್ದೆ ಎಂಬುದು ಅವನಿಗೆ ಹೊಳೆದದ್ದು ಆಮೇಲೆ, ಹೊಳೆದದ್ದು ಮತ್ತೆ ಮಂಕಾಗಲಿಲ್ಲ. ಹನ್ನೊಂದು ವರ್ಷ ಅದೇ ಮೇಜಿನಲ್ಲಿ ಅವಳೆದುರು ಕೂತು ಉಂಡ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ. ಉಪ್ಪು ಈ ಕಡೆ ಕೊಡಿ ಅತ್ತಿಗೆ ಎನ್ನುವುದು ಬಿಟ್ಟರೆ ಬೇರೇನೂ ಹೇಳಲಿಲ್ಲ.

ಮೇಷ್ಟ್ರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಓದುತ್ತಿದ್ದರು. ಹೊಗಳಿಕೆಗೂ ತೆಗಳಿಕೆಗೂ ಅವರದು ಒಂದೇ ದನಿ, ತರಗತಿಯಲ್ಲಿ ಹಾಜರಿ ಕರೆದ ಹಾಗೆ. 'ಒಂದು. ದೆವ್ವಕ್ಕೆ ನೆರಳು ಬೀಳುತ್ತದೆಯೇ? ನಾಲ್ಕನೇ ನಿಮಿಷದಲ್ಲಿ ಗೋಡೆಯ ಮೇಲೆ ಬಿದ್ದಿದೆ. ಎರಡು. ದೆವ್ವ ಕೈಗಡಿಯಾರ ನೋಡಿಕೊಂಡದ್ದು ಯಾಕೆ? ಅದಕ್ಕೆ ಎಲ್ಲಿಗೆ ತಡವಾಗುತ್ತಿತ್ತು? ಮೂರು. ಹೆದರಿಕೆ ಆಗಲಿಲ್ಲ, ಹಸಿವಾಯಿತು. ಊಟದ ತಟ್ಟೆಯನ್ನು ಅಷ್ಟು ಹೊತ್ತು ತೋರಿಸಬಾರದಿತ್ತು. ನಾಲ್ಕು. ಬೂಟು ಹೊರಗೆ ಬಿಟ್ಟು ಒಳಗೆ ಬರುವ ದೆವ್ವವನ್ನು ಇದೇ ಮೊದಲು ನೋಡಿದ್ದು. ನಮ್ಮನೆ ಮಕ್ಕಳಿಗಿಂತ ವಾಸಿ.' ಸಭೆ ಘೊಳ್ಳೆಂದಿತು. ಅವನೂ ನಗಬೇಕೋ ಬೇಡವೋ ತಿಳಿಯದೆ ಹಲ್ಲು ಕಿರಿದ. ನಗುವುದನ್ನು ಕಟ್ಟಳೆ ತಡೆಯುವುದಿಲ್ಲ. 'ಐದು. ಹೆಂಡತಿಯ ಕೈ ಗಂಡಸಿನದು. ಬಳೆ ತೊಟ್ಟರೆ ಸಾಲದು, ಕ್ಷೌರವನ್ನೂ ಮಾಡಿಸಬೇಕು.' ಈ ಸಲ ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೀರು ಒರೆಸಿಕೊಳ್ಳುವಷ್ಟು ನಕ್ಕಳು. ಅವನು ಎರಡೂ ಕೈಗಳನ್ನು ತಟ್ಟನೆ ತೊಡೆಯ ಕೆಳಗೆ ಬಚ್ಚಿಟ್ಟುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು, ಆ ಕೈ ಯಾರದೆಂದು ಈಗ ನಲವತ್ತು ಜನಕ್ಕೂ ತಿಳಿಯಿತು. ಏನು ಮಾಡುವುದು? ಹೆಂಡತಿಯ ಪಾತ್ರಕ್ಕೆ ಯಾರೂ ಸಿಕ್ಕಿರಲಿಲ್ಲ. ವಾಚನಾಲಯದ ಮೇಡಮ್ಮನ್ನು ಕೇಳಿದರೆ 'ದೆವ್ವದ ಹೆಂಡತಿನಾ? ಬೇಡಪ್ಪ, ಮನೇಲಿರೋದೇ ಸಾಕು' ಎಂದಿದ್ದರು. ಕೊನೆಗೆ ಮುಖ ಬೇಡ, ಕೈ ಸಾಕು ಎಂದುಕೊಂಡು ಅಮ್ಮನ ಬಳೆ ಕದ್ದು ತೊಟ್ಟು, ಕ್ಯಾಮೆರಾವನ್ನು ಡಬ್ಬಗಳ ಮೇಲೆ ನಿಲ್ಲಿಸಿ, ಎದುರಿಗೆ ಇಲ್ಲದ ಗಂಡನ ಕಡೆಗೆ ತಾನೇ ತಟ್ಟೆ ಸರಿಸಿದ್ದ. ಮನೆಯಲ್ಲಿ ಯಾರೂ ಇರಲಿಲ್ಲ. ತಟ್ಟೆ ಸರಿಸಿ ಕೈ ಹಿಂದಕ್ಕೆ ತೆಗೆದುಕೊಳ್ಳುವಾಗ ಅವನಿಗೆ ಅಳು ಬಂದುಬಿಟ್ಟಿತ್ತು, ಗಳಗಳ ಅತ್ತಿದ್ದ. ಅದು ಚೌಕಟ್ಟಿನೊಳಗೆ ಬಂದಿಲ್ಲ, ಪುಣ್ಯ.

ಎಂಟು, ಒಂಬತ್ತು, ಹನ್ನೆರಡು, ಈ ಮೂರೂ ಚೀಟಿ ಒಂದೇ ಮಾತಿಗೆ ಬಂದು ನಿಂತವು. ಸೈನಿಕ ಯಾಕೆ ತೊದಲುತ್ತಾನೆ? ದೆವ್ವ ಬಾಯಲ್ಲಿ ಏನೋ ಇಟ್ಟುಕೊಂಡು ಮಾತಾಡಿದ ಹಾಗಿದೆ, ಉಗುಳಿ ಬರಲಿ. ಮಾತು ಇರುವುದೇ ಮೂರು ಪದ, ಅದನ್ನಾದರೂ ನೆಟ್ಟಗೆ ಆಡಿಸಬಾರದೇ? ಮೂರನೇ ಸಾಲಿನಲ್ಲಿ ಪಾರ್ಸೆಲ್ ಕಿವಿ ಕೆಂಪಗೆ ಮಾಡಿಕೊಂಡು 'ನಂದಲ್ಲ ಸಾರ್ ತಪ್ಪು, ಹಲ್ಲಿಂದು' ಎಂದು ಪಕ್ಕದವನಿಗೆ ಹೇಳಿದ್ದು ಇಡೀ ಹಾಲಿಗೆ ಕೇಳಿಸಿತು. ತಪ್ಪು ಹಲ್ಲಿನದೇ. ಅಣ್ಣನ ಬಾಯಿಯ ಆ ಅಚ್ಚು, ಪರೀಕ್ಷೆ ಮುಗಿದು ವಾಪಸು ಬಂದದ್ದು, ಹನ್ನೊಂದು ವರ್ಷದಿಂದ ಲ್ಯಾಬಿನ ಬೀರುವಿನಲ್ಲಿ, ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ಕೂತಿತ್ತು. ಮೇಲಿನ ಎಡಗಡೆಯ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಅರ್ಧ ಹತ್ತಿ ಕೂತ ಅಚ್ಚು. ಮನೆಯ ಗೋಡೆಯ ಮೇಲಿನ ಫೋಟೋದಲ್ಲಿ ಅಣ್ಣನ ಬಾಯಿ ಮುಚ್ಚಿದೆ. ಸಮವಸ್ತ್ರದ ಫೋಟೋಗಳಲ್ಲಿ ಯಾರೂ ನಗುವುದಿಲ್ಲ. ಅಣ್ಣ ನಕ್ಕಾಗ ಮೊದಲು ಆ ಕೋರೆಹಲ್ಲು ಕಾಣುತ್ತಿತ್ತು, ಆಮೇಲೆ ಉಳಿದ ನಗು. ಚಿತ್ರ ಮಾಡಬೇಕೆಂದು ಹೊಳೆದ ವಾರವೇ ಅವನು ಆ ಅಚ್ಚಿನ ಮೇಲೆ ತೆಳ್ಳನೆಯ ಹಲ್ಲಿನ ಕವಚವೊಂದನ್ನು ಮಾಡಿ, ಉಜ್ಜಿ, ಬಣ್ಣ ಕೂಡಿಸಿ ಪಾರ್ಸೆಲ್‌ನ ಬಾಯಿಗೆ ತೊಡಿಸಿದ. ಒಬ್ಬನ ಹಲ್ಲು ಇನ್ನೊಬ್ಬನ ಬಾಯಿಗೆ ಕೂರುತ್ತದೆಯೇ? ಕಚ್ಚಿದರೆ ಜಾರಿತು, ಮಾತಾಡಿದರೆ ತೊದಲಿತು. ಆದರೆ ಪಾರ್ಸೆಲ್ ಕನ್ನಡಿ ನೋಡಿಕೊಂಡು ತಮಾಷೆಗೆಂದು ನಕ್ಕನಲ್ಲ, ಆಗ ಅವನು ಅಲ್ಲೇ ಕುಸಿದು ಕೂತ. ಗುಂಡುಮುಖದ, ಕುಳ್ಳ ಪಾರ್ಸೆಲ್‌ಗೂ ಅಣ್ಣನಿಗೂ ಎತ್ತಣಿಂದೆತ್ತ ಸಂಬಂಧ? ಆದರೂ ತುಟಿ ಮೇಲೆದ್ದ ಆ ಒಂದು ಗಳಿಗೆ ಅಣ್ಣನೇ. 'ಏನಾಯ್ತೋ?' ಎಂದು ಗಾಬರಿಯಲ್ಲಿ ಕೇಳಿದ್ದೂ ಅಣ್ಣನ ಹಲ್ಲೇ. ಅತ್ತಿಗೆ ಇದನ್ನು ನೋಡುವುದಿಲ್ಲ ಎಂದು ಅವತ್ತು ತನಗೆ ತಾನೇ ಹೇಳಿಕೊಂಡ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಇಲ್ಲಿ ಸ್ಟೂಲಿನ ಮೇಲೆ ಕೂತು ಯೋಚಿಸಿದರೆ, ನೋಡುವುದಿಲ್ಲ ಎಂಬ ಧೈರ್ಯಕ್ಕೆ ಅದನ್ನು ಮಾಡಿದೆನೋ, ನೋಡಲಿ ಎಂಬ ಆಸೆಗೆ ಮಾಡಿದೆನೋ, ಎರಡರಲ್ಲಿ ಯಾವುದು ಎಂದು ಆಣೆ ಇಟ್ಟು ಹೇಳಲು ಅವನಿಂದಾಗದು. ಆದರೆ ತನ್ನ ಸುಳ್ಳನ್ನು ಸತ್ತವನ ಬಾಯಿಗೆ, ಅದೂ ಅವನದೇ ಹಲ್ಲಿನ ಹಿಂದೆ, ತುರುಕಿದ್ದು ಮಾತ್ರ ನೀಚತನ. ಅದು ಪರದೆಯ ಮೇಲೆ ನೋಡುವವರೆಗೆ ಅವನಿಗೆ ಗೊತ್ತಾಗಿರಲಿಲ್ಲ. ಚಿತ್ರ ಓಡುವಾಗ ಪಾರ್ಸೆಲ್ ನಕ್ಕ ಕ್ಷಣದಲ್ಲಿ ಕೊನೆಯ ಸಾಲಿನಿಂದ ಬೀಗದ ಕೈ ಕೆಳಗೆ ಬಿದ್ದ ಸದ್ದು ಕೇಳಿಸಿತ್ತು. ಅವನು ತಿರುಗಿ ನೋಡಿರಲಿಲ್ಲ.

'ಹದಿನೇಳು' ಎಂದರು ಮೇಷ್ಟ್ರು. 'ಬೆಲ್ಟಿನ ಬಕಲು ತಿರುವುಮುರುವಾಗಿದೆ. ಟೋಪಿ ಒಂದು ಬೆರಳು ಜಾಸ್ತಿ ವಾಲಿದೆ. ಉಳಿದಂತೆ, ರಜೆ ಮುಗಿಸಿ ವಾಪಸು ಹೋಗುವವನು ಹೀಗೇ ನಡೆಯುತ್ತಾನೆ, ಬೆನ್ನು ನೆಟ್ಟಗೆ, ಹೆಜ್ಜೆ ಮಾತ್ರ ಚಿಕ್ಕದು. ಇದು ನಿಮಗೆ ಹೇಗೆ ಗೊತ್ತಾಯಿತು?' ಗೋಡೆಗೊರಗಿ ನಿಂತಿದ್ದ ಮುದುಕನೊಬ್ಬ, ಕೆಳಗೆ ಬ್ಯಾಂಕಿನ ಬಾಗಿಲು ಕಾಯುವ ಮಾಜಿ ಸೈನಿಕ, ತಾನು ಬರೆದದ್ದಲ್ಲ ಎಂಬಂತೆ ಫ್ಯಾನು ನೋಡುತ್ತಿದ್ದ. ಯಾರೂ ನಗಲಿಲ್ಲ. ಹೇಗೆ ಗೊತ್ತಾಯಿತು ಎಂದರೆ, ನೋಡಿ ಅಲ್ಲ. ಅಣ್ಣ ಹೋದದ್ದನ್ನು ಅವನು ನೋಡಿಯೇ ಇರಲಿಲ್ಲವಲ್ಲ. ಊಹಿಸಿ ಊಹಿಸಿ, ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಲ್ಯಾಬಿಗೆ ಹೋಗುವ ದಾರಿಯಲ್ಲಿ ಆ ನಡಿಗೆಯನ್ನು ತಾನೇ ನಡೆದು ನೋಡಿ ಗೊತ್ತಾದದ್ದು. ಒಬ್ಬ ಮುದುಕನಾದರೂ ಸರಿ ಎಂದನಲ್ಲ. ಅವನ ಎದೆ ಸ್ವಲ್ಪ ಹಗುರಾಯಿತು. ಆಮೇಲಿನ ಆರು ಚೀಟಿಗಳು, ಬೆಳಕು ಕಡಿಮೆ, ಸಂಗೀತ ಜಾಸ್ತಿ, ಪರವಾಗಿಲ್ಲ ಪ್ರಯತ್ನ ಮುಂದುವರಿಸಿ ಎನ್ನುವಂಥವು, ಕಿವಿಯ ಪಕ್ಕದಲ್ಲೇ ಹಾದುಹೋದವು.

'ಇಪ್ಪತ್ನಾಲ್ಕು. ಬಸ್ಸು ಬೇಗ ಹೊರಡಲಿಲ್ಲ. ಆ ಹಲ್ಲು ಎಲ್ಲಿಂದ ಬಂತು?' ಮೇಷ್ಟ್ರು ಚೀಟಿಯನ್ನು ತಿರುಗಿಸಿ ನೋಡಿದರು, ಹಿಂದೆ ಏನಾದರೂ ಇದೆಯೇ ಎಂದು. 'ಇದು ಯಾವ ದೃಶ್ಯದ ಬಗ್ಗೆ ಅಂತ ಗೊತ್ತಾಗಲಿಲ್ಲ' ಎಂದು ಅದನ್ನು ಉಳಿದವುಗಳ ಮೇಲೆ ಇಟ್ಟರು. ಅಲ್ಲಲ್ಲಿ ಕಿಸಕ್ ಎಂದು ನಗೆ. ಹಲ್ಲಿನವನಿಗೆ ಹಲ್ಲಿನದೇ ಪ್ರಶ್ನೆ ಎಂದು ಯಾರೋ ಅಂದರು. ಬಸ್ಸು ಬೇಗ ಹೊರಡಲಿಲ್ಲ. ಅಂದರೆ ಅತ್ತಿಗೆಗೆ ಗೊತ್ತಿತ್ತು. ಯಾವಾಗಿನಿಂದ? ಉಪ್ಪು ದಾಟಿಸುವಾಗೆಲ್ಲ ಗೊತ್ತಿತ್ತೇ? ಜ್ವರ ಬಂದಾಗ ಹಣೆಯ ಮೇಲೆ ಒದ್ದೆಬಟ್ಟೆ ಹಾಕಿದಾಗ, ಅವನ ಮೊದಲ ಸಂಬಳಕ್ಕೆ ಶರ್ಟು ಹೊಲಿಸಿ ಕೊಟ್ಟಾಗ, ಆಗಲೂ ಗೊತ್ತಿತ್ತೇ? ಸ್ಟೂಲು ಟಕ್ ಎಂದಿತು. ಅತ್ತಿಗೆ ಎನ್ನಲು ಬಾಯಿ ತೆರೆದ. ಮೇಷ್ಟ್ರು ಓದುತ್ತಲೇ, ತಲೆ ಎತ್ತದೆಯೇ, ಎಡಗೈಯ ತೋರುಬೆರಳು ಮೇಲೆತ್ತಿದರು. ಬಾಯಿ ಮುಚ್ಚಿದ. ಇನ್ನೂ ಏಳು ಚೀಟಿ ಇದ್ದವು. ಆ ಏಳು ಚೀಟಿಯಷ್ಟು ಹೊತ್ತು, ಹೇಳಬೇಕಾದ್ದೆಲ್ಲ ಬಾಯಿ ತುಂಬ ತುಂಬಿಕೊಂಡು, ಮೂಗಿನಲ್ಲಿ ಉಸಿರಾಡುತ್ತ, ಅಲ್ಲಾಡಬೇಡ ಎಂದು ಯಾರೋ ಗದ್ದ ಹಿಡಿದ ಹಾಗೆ ಕೂತ. ಅಣ್ಣನಿಗೆ ಆವತ್ತು ಹೀಗೇ ಆಗಿರಬೇಕು ಎಂದುಕೊಂಡ. ಎದುರಿಗೆ ಇಷ್ಟು ದೂರದಲ್ಲಿ ಅತ್ತಿಗೆ. ಅವಳು ಅವನನ್ನೇ ನೋಡುತ್ತಿದ್ದಳು, ಆ ನೋಟದಲ್ಲಿ ಕೋಪ ಹುಡುಕಿದ, ಸಿಗಲಿಲ್ಲ. ಇದ್ದದ್ದು ತಿರುವಿನಲ್ಲಿ ಎದುರಿನಿಂದ ಏನು ಬರುತ್ತದೋ ಎಂದು ಕಾಯುವವಳ ನೋಟ. ಇಪ್ಪತ್ತೊಂಬತ್ತನೇ ಚೀಟಿಗೆ ಅವಳು ಎದ್ದು ಹೊರಗೆ ಹೋದಳು.

'ಮೂವತ್ತೊಂದು. ದೆವ್ವ ಹೋದ ಮೇಲೆ ಇನ್ನೂ ಸ್ವಲ್ಪ ಹೊತ್ತು ಇರಬೇಕಿತ್ತು ಅನಿಸಿತು. ಮುಗಿಯಿತು. ಈಗ ಮಾತಾಡಬಹುದು' ಎಂದರು ಮೇಷ್ಟ್ರು, ಮೊದಲ ಬಾರಿಗೆ ಅವನ ಕಡೆ ತಿರುಗಿ. ಉಳಿದವರು ಈ ಗಳಿಗೆಗೆ ವಾರದಿಂದ ಭಾಷಣ ಸಿದ್ಧಮಾಡಿಕೊಂಡು ಬರುತ್ತಾರೆ, ಅರ್ಧ ಗಂಟೆ ಬಿಡುವುದಿಲ್ಲ. ಅವನು ಎದ್ದು ನಿಂತ. 'ನೆರಳು ನಂದೇ ತಪ್ಪು' ಎಂದ. 'ಕೈಯೂ ನಂದೇ. ಎಲ್ಲಾ ನಂದೇ. ಬರ್ತೀನಿ ಸಾರ್.' ಯಾರೋ ಚಪ್ಪಾಳೆ ತಟ್ಟಿದರು, ವಿನಯವೆಂದುಕೊಂಡು. ಪಾರ್ಸೆಲ್ ಅಡ್ಡ ಬಂದು 'ನಂಗೆ ಹನ್ನೆರಡನೇ ಚೀಟಿ ಬರೆದಿದ್ದು ಯಾರು ಅಂತ ಗೊತ್ತು, ನಾಳೆ ಅವನ ಪಾರ್ಸೆಲ್ ಎತ್ತಿ ಎಸೀತೀನಿ ನೋಡು' ಎಂದ. ಅವನನ್ನು ತಪ್ಪಿಸಿಕೊಂಡು, ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಬೀದಿಗೆ ಬಂದ. ಹೊರಗೆ ಹನ್ನೊಂದರ ಬಿಸಿಲು, ಕಣ್ಣು ಕುಕ್ಕಿತು. ಎದುರಿನ ಮರದ ಕೆಳಗೆ ಶಾಲೆಯ ವ್ಯಾನು ನಿಂತಿತ್ತು. ಅತ್ತಿಗೆ ಸ್ಟೀರಿಂಗ್ ಹಿಂದೆ ಕೂತಿದ್ದಳು, ಎಂಜಿನ್ ಹಾಕಿರಲಿಲ್ಲ. ಒಳಗಿನಿಂದಲೇ ಈ ಕಡೆಯ ಬಾಗಿಲು ತಳ್ಳಿ 'ಹತ್ತು' ಎಂದಳು, ಮಕ್ಕಳಿಗೆ ಹೇಳುವ ಹಾಗೆ. ಸೀಟಿನ ಮೇಲೆ ಯಾವುದೋ ಮಗು ಮರೆತುಹೋದ ನೀರಿನ ಬಾಟಲಿ ಇತ್ತು. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತ.

'ಹಲ್ಲು ಎಲ್ಲಿಂದ ಬಂತು?'

ಹೇಳಿದ. ಒಂದೇ ಉಸಿರಿಗೆ, ವ್ಯಾನಿನ ಗಾಜಿಗೆ ಹೇಳುವವನ ಹಾಗೆ ಮುಂದೆ ನೋಡುತ್ತ, ಲ್ಯಾಬು, ಪರೀಕ್ಷೆ, ಗುಲಾಬಿ ಹಿಟ್ಟು, ಹತ್ತು ನಿಮಿಷ ಎಂದು ಒಂದೂಮುಕ್ಕಾಲು ಗಂಟೆ, ಬೀರುವಿನಲ್ಲಿ ಪೇಪರು ಸುತ್ತಿಟ್ಟ ಅಚ್ಚು, ಎಲ್ಲವನ್ನೂ. ಹೇಳಿ ಮುಗಿದ ಮೇಲೆ ಬಾಯಿ ಒಣಗಿತ್ತು, ಆದರೂ ಮಗುವಿನ ನೀರು ಕುಡಿಯಲು ಧೈರ್ಯವಾಗಲಿಲ್ಲ. 'ಬೈಯಿರಿ ಅತ್ತಿಗೆ. ಬೇಕಾದ್ರೆ ಹೊಡೀರಿ. ಆ ಹೊತ್ತು ನಿಮ್ಮದು. ನಾನು ಕದ್ದೆ, ಕದ್ದಿದ್ದಲ್ದೆ ಸುಳ್ಳು ಹೇಳ್ದೆ.'

ಅತ್ತಿಗೆ ವ್ಯಾನಿನ ಬೀಗದ ಕೈ ಸಿಕ್ಕಿಸಿದಳು, ತಿರುಗಿಸಲಿಲ್ಲ. ಆಮೇಲೆ, 'ಎಷ್ಟು ಬಂತು?' ಎಂದಳು.

'ಏನು?'

'ಪರೀಕ್ಷೆಲಿ.'

'ಅರವತ್ತೆರಡು.'

'ಥೂ ನಿನ್ನ! ನನ್ ಗಂಡನ್ನ ಅಷ್ಟು ಹೊತ್ತು ಬಾಯಿ ತೆಗೆಸಿ ಕೂರಿಸ್ಕೊಂಡು ಅರವತ್ತೆರಡಾ?'

ನಗಬೇಕೆನಿಸಿತು, ಅವಳ ಮುಖ ನೋಡಿದರೆ ಅವಳು ನಗುತ್ತಿರಲಿಲ್ಲ. 'ನಿಂಗೆ ಒಂದು ವಿಷಯ ಗೊತ್ತಿಲ್ಲ' ಎಂದಳು. 'ಆವತ್ತು ಬೆಳಿಗ್ಗೆ ನಾವಿಬ್ರೂ ಜಗಳ ಆಡಿದ್ವಿ. ನಿಮ್ಮಣ್ಣ ಹಿಂದಿನ ದಿನವೇ ಚೀಲ ಕಟ್ಟಿಟ್ಟಿದ್ದ. ಹೋಗೋಕೆ ಅಷ್ಟು ಆತುರಾನಾ ಅಂದೆ. ಅಷ್ಟೇ ಅಂದಿದ್ದು ನೋಡು. ಒಂದಕ್ಕೆ ಎರಡಾಯ್ತು, ಎರಡಕ್ಕೆ ನಾಲ್ಕಾಯ್ತು. ಹೋಗೋದಾದ್ರೆ ಈಗ್ಲೇ ಹೋಗು, ಮತ್ತೆ ಬಂದು ಈ ಬಾಗಿಲಲ್ಲಿ ನಿಲ್ಲಬೇಡ ಅಂದುಬಿಟ್ಟೆ. ಚೀಲ ತಗೊಂಡು ಹೋದ. ಮಾತು ಆಡಿದ್ರೆ ಹೋಯ್ತು ಅಂತಾರಲ್ಲ, ಹಾಗೆ. ಬರ್ತಾನೆ, ಕೋಪ ಇಳಿದ ಮೇಲೆ ಬಂದೇ ಬರ್ತಾನೆ ಅಂತ ಅಡುಗೆ ಮಾಡಿ ತಟ್ಟೆ ಮುಚ್ಚಿಟ್ಟೆ. ಹತ್ತೂವರೆವರೆಗೆ ಕಾದೆ. ತಡೀಲಿಲ್ಲ. ನಾನೇ ಬಸ್ ಸ್ಟ್ಯಾಂಡಿಗೆ ಹೋದೆ.'

'ನೀವು ಹೋಗಿದ್ರಾ?'

'ಹೋಗಿದ್ದೆ. ಬಸ್ಸು ನಿಂತೇ ಇತ್ತು. ಹನ್ನೊಂದೂ ಹತ್ತಕ್ಕೇ ಹೊರಡ್ತು, ಒಂದು ನಿಮಿಷ ಹಿಂದಿಲ್ಲ ಮುಂದಿಲ್ಲ. ಕೊನೇ ಗಳಿಗೇಲಿ ಆ ಕಡೆಯಿಂದ ಓಡಿ ಬಂದು ಹತ್ತಿದ. ನಾನು ಈ ಕಡೆ ಕಂಬದ ಹಿಂದೆ. ಕೂಗಬೇಕು ಅಂದ್ಕೊಂಡೆ, ಕೂಗಲಿಲ್ಲ. ಎರಡು ಗಂಟೆ ಹೊತ್ತು ಊರಲ್ಲೇ ಇದ್ದಾನೆ, ಮನೆ ಕಡೆ ತಲೆ ಹಾಕೋಕೆ ಮನಸ್ಸು ಬರಲಿಲ್ಲ, ಅಷ್ಟು ಬೇಡವಾದೆನಾ ಅಂದ್ಕೊಂಡೆ. ಹಿಂದಿನ ಬೀದಿಯಿಂದ ಮನೆಗೆ ಬಂದು ಕೂತೆ. ಆಮೇಲೆ ನೀನು ಬಂದೆ, ಬಸ್ಸು ಬೇಗ ಹೊರಟಿತು ಅಂದೆ. ನೋಡಪ್ಪಾ, ತಮ್ಮನ ಕೈಲಿ ಸುಳ್ಳು ಹೇಳಿಸಿ ಹೋಗಿದ್ದಾನೆ, ನನ್ನ ಮುಖ ನೋಡೋಕೆ ಇಷ್ಟ ಇಲ್ದೆ ಹೋದ ಅಂತ ನಂಗೆ ಗೊತ್ತಾಗಬಾರದು ಅಂತ, ಅಂದ್ಕೊಂಡೆ. ನೀನು ಚಿಲಕ ನೋಡ್ಕೊಂಡು ಮಾತಾಡಿದ್ದು ನೋಡಿ ಖಾತ್ರಿ ಆಯ್ತು. ಹದಿನೇಳು ದಿನಕ್ಕೆ ಆ ಸುದ್ದಿ. ಹನ್ನೊಂದು ವರ್ಷ ಇದನ್ನ ನುಂಗ್ಕೊಂಡು ಈ ವ್ಯಾನು ಓಡಿಸ್ತಿದ್ದೀನಿ ಕಣೋ.'

ಬಿಸಿಲಿನಲ್ಲಿ ವಾಚನಾಲಯದ ಮೆಟ್ಟಿಲಿಳಿದು ಜನ ಚದುರುತ್ತಿದ್ದರು. ಮೇಷ್ಟ್ರು ಬಿಸ್ಕತ್ತಿನ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಛತ್ರಿ ಬಿಡಿಸುತ್ತಿದ್ದರು. ಅವನಿಗೆ ಎಲ್ಲವೂ ತೀರ ಸ್ಪಷ್ಟವಾಗಿ ಕಾಣುತ್ತಿತ್ತು, ಛತ್ರಿಯ ಒಂದು ಕಡ್ಡಿ ಮುರಿದಿದ್ದುದೂ. ಕದ್ದ ಹೊತ್ತಿನ ಲೆಕ್ಕವನ್ನೇ ಹಾಕುತ್ತ ಕೂತಿದ್ದೆನಲ್ಲ, ಹೇಳಿದ ಸುಳ್ಳು ಏನು ಮಾಡಿತೆಂದು ಒಂದು ದಿನವಾದರೂ ಯೋಚಿಸಿದೆನೇ ಎಂದುಕೊಂಡ. ತನ್ನ ಚರ್ಮ ಉಳಿಸಿಕೊಳ್ಳಲು ಬಾಗಿಲಲ್ಲಿ ನಿಂತು ಉದುರಿಸಿದ ಮೂರು ಪದ, ಅದು ಇವಳೊಳಗೆ ಗಂಡನ ಕೋಪವಾಗಿ ಕೂತುಬಿಟ್ಟಿತ್ತು. ಕ್ಷಮಿಸಿ ಎನ್ನುವುದಕ್ಕೂ ನಾಚಿಕೆಯಾಯಿತು.

'ನಿನ್ನ ಹತ್ರ ಇದ್ನಲ್ಲ ಅಷ್ಟು ಹೊತ್ತು' ಎಂದಳು ಅತ್ತಿಗೆ, ದನಿ ತಗ್ಗಿಸಿ. ಮಕ್ಕಳ ಗಲಾಟೆಯ ಮೇಲೆ ಕೂಗಿ ಕೂಗಿ ದೊಡ್ಡದಾದ ಅವಳ ದನಿ ಇಷ್ಟು ಸಣ್ಣಗಾದದ್ದನ್ನು ಅವನು ಕೇಳಿರಲಿಲ್ಲ. 'ಏನಂದ? ನನ್ನ ಬೈದ್ನಾ? ಬೈದಿದ್ರೂ ಪರವಾಗಿಲ್ಲ, ಹೇಳು.'

ಇದೊಂದನ್ನು ಅವನು ಚಿತ್ರದಲ್ಲೂ ಹಾಕಿರಲಿಲ್ಲ. ಹಾಕಲು ಕೈ ಬಂದಿರಲಿಲ್ಲ. ಉಳಿದದ್ದನ್ನಾದರೂ ಮರೆವು, ವಯಸ್ಸು, ಪರೀಕ್ಷೆಯ ಗಡಿಬಿಡಿ ಎನ್ನಬಹುದು. ಇದಕ್ಕೆ ಯಾವ ನೆಪವೂ ಇಲ್ಲ. 'ಬೈಯಲಿಲ್ಲ' ಎಂದ. 'ಮನೆಗೆ ಹೋಗ್ಬೇಕು ಕಣೋ ಅಂದ.'

'ಯಾವಾಗ?'

'ಮೊದಲನೇ ಅಚ್ಚು ತೆಗೆದಾಗ. ಅದರಲ್ಲಿ ಗುಳ್ಳೆ ಬಿದ್ದಿತ್ತು, ಇನ್ನೊಂದೇ ಸಲ ಅಂದೆ. ಎರಡನೇದು ತೆಗೆದಾಗಲೂ ಅಂದ, ಗಡಿಯಾರ ನೋಡಿ, ಮನೆಗೆ ಹೋಗ್ಬೇಕು ಕಣೋ, ಬಿಡೋ ಅಂತ. ಕೆಳಗಿನ ಹಲ್ಲು ಬಾಕಿ ಇದೆ, ಅರ್ಧಂಬರ್ಧ ಆದ್ರೆ ಫೇಲ್ ಮಾಡ್ತಾರೆ ಅಂದೆ. ಆಮೇಲೆ ಬಾಯಲ್ಲಿ ಹಿಟ್ಟು ತುಂಬ್ಕೊಂಡೇ ಇನ್ನೊಂದು ಸಲ ಅಂದ. ಮಾತು ಹೊರಡ್ತಿರಲಿಲ್ಲ, ಕೈಯಲ್ಲಿ ಮನೆ ಕಡೆ ತೋರಿಸಿದ. ನಾನು ಗದರಿಸಿದೆ ಅತ್ತಿಗೆ. ಅಲ್ಲಾಡಬೇಡ, ಅಚ್ಚು ಕೆಡುತ್ತೆ ಅಂತ ಗದ್ದ ಹಿಡ್ಕೊಂಡು ಗದರಿಸಿದೆ. ಹಿಟ್ಟು ತೆಗೆಯೋ ಹೊತ್ತಿಗೆ ಹನ್ನೊಂದಾಗಿತ್ತು.'

ಹೇಳಿ ತಲೆ ತಗ್ಗಿಸಿದ. ಈಗ ಕೆನ್ನೆಗೆ ಬಿದ್ದರೂ ಸರಿ, ವ್ಯಾನಿನಿಂದ ಇಳಿ ಅಂದರೂ ಸರಿ, ಆ ಮನೆಯಿಂದಲೇ ಇಳಿ ಅಂದರೂ ಸರಿ. ಎಲ್ಲದಕ್ಕೂ ತಯಾರಾಗಿ ಮಗುವಿನ ಬಾಟಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಏನೂ ಬೀಳಲಿಲ್ಲ.

'ಮೂರು ಸಲ ಅಂದ್ನಾ?'

'ಮೂರು ಸಲ.'

'ಮನೆಗೆ ಹೋಗ್ಬೇಕು ಅಂತ?'

'ಹೂಂ.'

ಅತ್ತಿಗೆ ಸ್ಟೀರಿಂಗಿನ ಮೇಲೆ ಹಣೆ ಇಟ್ಟಳು. ಹಾರ್ನು ಕುಯ್ ಎಂದಿತು, ಮೇಷ್ಟ್ರು ಛತ್ರಿ ಸಮೇತ ಬೆಚ್ಚಿ ತಿರುಗಿದರು. ಅವಳು ತಲೆ ಎತ್ತಲಿಲ್ಲ, ಹಾರ್ನಿನಿಂದ ಸ್ವಲ್ಪ ಪಕ್ಕಕ್ಕೆ ಸರಿಸಿಕೊಂಡಳು, ಅಷ್ಟೇ. ಭುಜ ಕುಲುಕುತ್ತಿತ್ತು. ಮುಖ ಎತ್ತಿದಾಗ ಕೆನ್ನೆಯೆಲ್ಲ ಒದ್ದೆ, ಮೂಗು ಕೆಂಪು, ಆದರೆ ಆ ಒದ್ದೆಯ ನಡುವೆ ಅವಳು ನಗುತ್ತಿದ್ದಳು, ತುಂಬ ಹೊತ್ತು ಹೊತ್ತದ್ದನ್ನು ಕೆಳಗಿಟ್ಟವರು ನಗುವ ಹಾಗೆ, ಸುಸ್ತಾಗಿ.

'ಹಾಗಾದ್ರೆ ಬರ್ತಿದ್ದ' ಎಂದಳು. 'ನಾನು ಬರಬೇಡ ಅಂದಿದ್ರೂ ಬರ್ತಿದ್ದ.'

'ಬರ್ತಿದ್ದ ಅತ್ತಿಗೆ. ನಾನೇ ಬಿಡಲಿಲ್ಲ.'

ತನ್ನ ತಪ್ಪನ್ನು ಯಾರಾದರೂ ಇಷ್ಟು ಆಸೆಯಿಂದ ಕೇಳಿಸಿಕೊಳ್ಳಬಹುದೆಂದು ಅವನು ಕನಸಲ್ಲೂ ಎಣಿಸಿರಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಸೀಟಿನಲ್ಲಿ ಪೂರ್ತಿ ಅವನ ಕಡೆ ತಿರುಗಿ ಕೂತಳು.

'ಇನ್ನೊಂದ್ಸಲ ಹೇಳು' ಎಂದಳು. 'ಯಾರು ಬಿಡಲಿಲ್ಲ?'

'ನಾನು' ಎಂದ ಅವನು, ಗಟ್ಟಿಯಾಗಿ. 'ನಾನು ಬಿಡಲಿಲ್ಲ.'